ಒಣಗೂದಲು, ಒಣನೆತ್ತಿ: ಈ ಊರ ನೀರನ್ನು ದೂರುವ ಮೊದಲು

ಹೊರನಾಡಿನಲ್ಲಿ ಮನೆ ಹೂಡಿದ ಕನ್ನಡಿಗರಿಗೆ ದೂರುಗಳು ಕಡಮೆಯಿಲ್ಲ. ಅಕ್ಕಿ ಸರಿಯಿಲ್ಲ, ಕಾಫಿಪುಡಿ ಸರಿಯಿಲ್ಲ, ಬಾಡಿಗೆ ಹೆಚ್ಚು ಎಂಬ ದೂರುಗಳೆಲ್ಲ ಕೆಲವು ವರ್ಷಗಳಲ್ಲಿ ಹಳತಾಗಿ ಬಿದ್ದುಹೋಗುತ್ತವೆ. ಹಳತಾಗದ ದೂರು ಒಂದುಂಟು: "ಈ ಊರ ನೀರು ನಮ್ಮ ತಲೆಗೆ ಒಗ್ಗಲಿಲ್ಲ." ಮಾಟುಂಗದಲ್ಲಾಗಲಿ ಮೈಲಾಪುರದಲ್ಲಾಗಲಿ, ಕಾಚಿಗುಡದಲ್ಲಾಗಲಿ ಕರೋಲ್‌ಬಾಗಿನಲ್ಲಾಗಲಿ, ರಾಜ್ಯೋತ್ಸವದ ಊಟಕ್ಕೆ ನಾಲ್ಕು ಜನ ಹೆಂಗಸರು ಸಾಲಾಗಿ ಕುಳಿತರೆಂದರೆ ಪಾಯಸ ಬರುವುದರೊಳಗೆ ಈ ಮಾತು ಬಂದೇ ಬರುತ್ತದೆ. ಊರಲ್ಲಿ ಸೊಂಟ ಮುಟ್ಟುತ್ತಿದ್ದ ಜಡೆ ಇಲ್ಲಿ ಇಲಿಬಾಲವಾಯಿತು, ಕೂದಲು ತೆಂಗಿನ ನಾರಿನಂತಾಯಿತು, ಭುಜದ ಮೇಲೆಲ್ಲ ಹೊಟ್ಟು ಉದುರುತ್ತದೆ, ಎಷ್ಟು ಎಣ್ಣೆ ಹಚ್ಚಿದರೂ ನೆತ್ತಿ ಕುಡಿದುಬಿಡುತ್ತದೆ, ಹೀಗೆ.

ಈ ದೂರಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಬಹುಪಾಲು ತಪ್ಪನ್ನು ನೀರಿನ ಮೇಲೆ ಹೊರಿಸಿ ನಾವು ಸುಮ್ಮನಾಗುತ್ತೇವೆಂದೂ, ಹಾಗೆ ಸುಮ್ಮನಾಗುವುದರಿಂದಲೇ ಕಷ್ಟ ಬೆಳೆಯುತ್ತದೆಂದೂ ನಮ್ಮ ಅಭಿಪ್ರಾಯ. ಕೂದಲು ಒಣಗುವುದು ಬೇರೆ, ನೆತ್ತಿಯ ಚರ್ಮ ಒಣಗುವುದು ಬೇರೆ, ಒಣಗಿದಂತೆ ಕಾಣುವ ಹೊಟ್ಟು ಬೇರೆ. ಈ ಮೂರಕ್ಕೂ ನಮ್ಮ ಮನೆಗಳಲ್ಲಿ ಒಂದೇ ಔಷಧ: ಇನ್ನೊಂದು ಹಿಡಿ ಎಣ್ಣೆ. ಮೊದಲನೆಯದಕ್ಕೆ ಅದು ಒಳ್ಳೆಯದು. ಎರಡನೆಯದಕ್ಕೆ ಕೆಲವೊಮ್ಮೆ ಒಳ್ಳೆಯದು. ಮೂರನೆಯದಕ್ಕೆ ಉರಿಯುವ ಒಲೆಗೆ ಸೌದೆ ಇಟ್ಟಂತೆ.

ಎಣ್ಣೆಯ ವಿಷಯ ಮುಟ್ಟಿದರೆ ಮನಸ್ಸು ನೋಯುತ್ತದೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಮೈಸೂರಿನವರು ತಲೆಗೆ ಎರೆದುಕೊಳ್ಳುತ್ತಾರೆ, ಧಾರವಾಡದವರು ಎರಕೊಳ್ಳುತ್ತಾರೆ, ಮಂಗಳೂರು ಕಡೆಯವರು ತಲೆ ಮೀಯುತ್ತಾರೆ. ಮಾತು ಯಾವುದಾದರೂ ಆಗಲಿ, ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು, ಅರಿಶಿನ ಕುಂಕುಮವಿಟ್ಟು ನೀರು ತುಂಬಿ, ಬೆಳಗಿನ ಜಾವ ಮಕ್ಕಳನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ ಎಣ್ಣೆ ಒತ್ತಿದ ಅಜ್ಜಿಯ ಕೈ ಎಲ್ಲರ ನೆನಪಿನಲ್ಲೂ ಒಂದೇ. ಇಲ್ಲಿ ಹಂಡೆಯಿಲ್ಲ, ಗೀಸರು ಉಂಟು. ಮಣೆಯಿಲ್ಲ, ಪ್ಲಾಸ್ಟಿಕ್ ಸ್ಟೂಲು ಉಂಟು. ಇಷ್ಟೆಲ್ಲ ಹೋದಮೇಲೆ ಉಳಿದ ಎಣ್ಣೆಯನ್ನೂ ಬಿಡಿಸಲು ಹೊರಟರೆ ಯಾರಿಗೆ ತಾನೆ ಸಿಟ್ಟು ಬಾರದು? ಆದುದರಿಂದ ಮೊದಲೇ ಹೇಳಿಬಿಡುತ್ತೇವೆ: ಎಣ್ಣೆ ಬಿಡಿರೆಂದು ಹೇಳುವುದಕ್ಕೆ ಈ ಲೇಖನವಲ್ಲ. ಯಾವ ತಲೆಗೆ, ಯಾವಾಗ, ಎಷ್ಟು ಎಂಬುದನ್ನು ವಿಚಾರಿಸುವುದಕ್ಕೆ.

ನಮ್ಮ ಹಿರಿಯರ ಶಾಸ್ತ್ರವೂ ಈ ವಿಚಾರವನ್ನು ಮಾಡಿತ್ತೆಂಬುದನ್ನು ಮರೆಯಬಾರದು. ವಾಗ್ಭಟನ ಅಷ್ಟಾಂಗಹೃದಯವು ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವೂ ಮಾಡಬೇಕೆಂದೂ, ಅದರಲ್ಲಿಯೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದೂ ಹೇಳುತ್ತದೆ. ಅದರ ಬೆನ್ನಿಗೇ, ಕಫಪೀಡಿತರು, ಶೋಧನ ಮಾಡಿಸಿಕೊಂಡವರು, ಅಜೀರ್ಣವಾದವರು ಅಭ್ಯಂಗವನ್ನು ಬಿಡಬೇಕೆಂದೂ ಹೇಳುತ್ತದೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಎಂದು ಶಾಸ್ತ್ರ ಹೇಳಲಿಲ್ಲ. ನಾವು ಮೊದಲ ಮಾತನ್ನು ನೆನಪಿಟ್ಟೆವು, ಎರಡನೆಯದನ್ನು ಊರಲ್ಲೇ ಬಿಟ್ಟು ಬಂದೆವು.

ಮಂಗಳೂರು ಹೆಂಚಿನ ಮಾಡು

ಕೂದಲು ಎಂದರೇನು ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಉಳಿದುದು ಸುಲಭ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದು ಕೆರಟಿನ್ ಎಂಬ ಪ್ರೋಟೀನಿನ ಎಳೆ. ಉಗುರು ಯಾವುದರಿಂದ ಆಗಿದೆಯೋ ಕೂದಲೂ ಅದರಿಂದಲೇ ಆದುದು. ಎಳೆಯ ಹೊರಮೈಯಲ್ಲಿ ಸಣ್ಣ ಸಣ್ಣ ಹಲ್ಲೆಗಳು ಒಂದರ ಮೇಲೊಂದು ಹೊದಿಸಿಕೊಂಡಿರುತ್ತವೆ, ಥೇಟು ಮಂಗಳೂರು ಹೆಂಚಿನ ಮಾಡಿನಂತೆ. ಹೆಂಚುಗಳು ಅಡಕವಾಗಿ ಕುಳಿತಿದ್ದರೆ ಕೂದಲು ನಯವಾಗಿ ಮಿರುಗುತ್ತದೆ. ಹೆಂಚು ಎದ್ದರೆ, ಒಡೆದರೆ, ಒಳಗಿನ ತೇವ ನಿಲ್ಲದೆ ಕೂದಲು ಒರಟಾಗುತ್ತದೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ, ತುದಿ ಎರಡಾಗಿ ಸೀಳುತ್ತದೆ. ಸತ್ತ ಎಳೆಯಾದ್ದರಿಂದ ಒಡೆದ ಹೆಂಚು ತಾನಾಗಿ ಕೂಡಿಕೊಳ್ಳುವುದಿಲ್ಲ. ಸೀಳಿದ ತುದಿಯನ್ನು ಬೆಸೆಯುತ್ತೇವೆಂದು ಜಾಹೀರಾತುಗಳು ಹೇಳುವುದು ತಾತ್ಕಾಲಿಕವಾದ ಅಂಟಿನ ಮಾತು. ಕತ್ತರಿಯೊಂದೇ ಅದಕ್ಕೆ ನಿಜವಾದ ಪರಿಹಾರ.

ಕೂದಲು ತಿಂಗಳಿಗೆ ಸುಮಾರು ೧ ಸೆಂಟಿಮೀಟರು ಬೆಳೆಯುತ್ತದೆ. ಎಂದರೆ ೬೦ ಸೆಂಟಿಮೀಟರಿನ ಜಡೆಯ ತುದಿಗೆ ಹತ್ತಿರ ಹತ್ತಿರ ೫ ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಬಾಚಣಿಗೆ, ಸಾಬೂನು, ಟವೆಲಿನ ತಿಕ್ಕಾಟ ಎಲ್ಲವನ್ನೂ ಅದು ಕಂಡಿದೆ. ಹೀಗಿರುವಾಗ ಬುಡದ ಕೂದಲೂ ತುದಿಯ ಕೂದಲೂ ಒಂದೇ ಎಂದು ನಡೆಸಿಕೊಳ್ಳುವುದು, ಐದು ವರ್ಷ ಉಟ್ಟ ಸೀರೆಯನ್ನು ಹೊಸ ಸೀರೆಯಂತೆ ಕುಕ್ಕಿ ಒಗೆದ ಹಾಗೆ.

ನೆತ್ತಿಯಲ್ಲಿ ಪ್ರತಿಯೊಂದು ಕೂದಲ ಬುಡದಲ್ಲಿಯೂ ಒಂದು ಸಣ್ಣ ತೈಲಗ್ರಂಥಿಯುಂಟು. ಅದು ಸುರಿಸುವ ಜಿಡ್ಡೇ ನೆತ್ತಿಗೂ ಕೂದಲಿಗೂ ಹುಟ್ಟಿನಿಂದ ಬಂದ ಎಣ್ಣೆ. ಗಿಡ್ಡ ಕೂದಲಿಗೆ ಅದು ತುದಿಯವರೆಗೆ ಹರಿಯುತ್ತದೆ, ಉದ್ದ ಜಡೆಯ ಅರ್ಧ ದಾರಿಗೂ ತಲುಪುವುದಿಲ್ಲ. ಸುರುಳಿ ಕೂದಲಿನಲ್ಲಿ ಇನ್ನೂ ಕಷ್ಟ. ಆದುದರಿಂದ ನೆತ್ತಿ ಜಿಡ್ಡಾಗಿಯೂ ತುದಿ ಒಣಗಿಯೂ ಇರುವ ತಲೆ ಅಪರೂಪವಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಅದೇ ಹೆಚ್ಚು. ಇಂಥವರಿಗೆ ಎಣ್ಣೆ ಬೇಕಾದುದು ಜಡೆಗೆ. ನಾವು ಸುರಿಯುವುದು ನೆತ್ತಿಗೆ.

ನೀರಿನ ಪಾಲು ಎಷ್ಟು

ಈಗ ನೀರಿನ ಮಾತು. ಸುಣ್ಣ (ಕ್ಯಾಲ್ಸಿಯಂ) ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು ಗಡಸು ನೀರು. ಭಾರತೀಯ ಮಾನಕ ಸಂಸ್ಥೆಯ ೨೦೧೨ರ ನಿಯಮದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ ೬೦೦ರವರೆಗೆ ಸಹಿಸಬಹುದು. ಮುಂಬಯಿಯ ನಲ್ಲಿಯಲ್ಲಿ ಬರುವುದು ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಕಡೆ ಕಟ್ಟಿದ ಮಳೆನೀರು. ಪುಣೆಗೆ ಖಡಕ್‌ವಾಸ್ಲಾದ ಕಡೆಯಿಂದ ಬರುವುದೂ ಸಹ್ಯಾದ್ರಿಯ ಮಳೆನೀರೇ. ಇವು ಮೆದು ನೀರು. ಆದರೆ ಬೋರ್‌ವೆಲ್ಲಿನ ನೀರು, ಟ್ಯಾಂಕರಿನಲ್ಲಿ ಬರುವ ನೀರು ಯಾವ ನಗರದಲ್ಲಾದರೂ ಗಡಸಾಗಿರಬಹುದು. ಚೆನ್ನೈ, ಹೈದರಾಬಾದ್, ದಿಲ್ಲಿಗಳ ಎಷ್ಟೋ ವಸತಿಗಳಲ್ಲಿ ನಲ್ಲಿ ನೀರಿಗೆ ಬೋರ್ ನೀರು ಬೆರೆತೇ ತೊಟ್ಟಿಗೆ ಏರುತ್ತದೆ. ನಿಮ್ಮ ಕಟ್ಟಡದ ತೊಟ್ಟಿಗೆ ಏನು ಬೀಳುತ್ತದೆಂದು ಸೊಸೈಟಿಯ ಕಾರ್ಯದರ್ಶಿಯನ್ನು ಒಮ್ಮೆ ಕೇಳಿ ನೋಡಿ. "ಈ ಊರ ನೀರು" ಎಂಬುದೊಂದು ಇಲ್ಲವೇ ಇಲ್ಲ. ಈ ಕಟ್ಟಡದ ನೀರು, ಆ ಕಟ್ಟಡದ ನೀರು ಎಂದು ಮಾತ್ರ ಉಂಟು. ಹಾಗೆಯೇ, ನಮ್ಮೂರ ನೀರೆಲ್ಲ ಅಮೃತವೆಂಬುದೂ ಪೂರ್ತಿ ನಿಜವಲ್ಲ. ಕೋಲಾರ, ಗದಗು, ರಾಯಚೂರುಗಳ ಬಾವಿಯ ನೀರಿನಲ್ಲಿ ಬೇಳೆ ಬೇಯಿಸಿದವರು ಇದಕ್ಕೆ ಸಾಕ್ಷಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟಿದರೆ, ಸಾಬೂನು ಉಜ್ಜಿದಷ್ಟೂ ನೊರೆ ಬಾರದೆ ಮೊಸರೊಡೆದಂತೆ ಗಸಿ ತೇಲಿದರೆ ನೀರು ಗಡಸೆಂದೇ ತಿಳಿಯಿರಿ. ಆ ಗಸಿಯೇ ಕೂದಲ ವೈರಿ. ಮೈಗೆ ಹಚ್ಚುವ ಸಾಬೂನು ಗಡಸು ನೀರಿನ ಸುಣ್ಣದೊಡನೆ ಕೂಡಿ ಕರಗದ ಅಂಟಾಗಿ ಕೂದಲ ಹೆಂಚುಗಳ ಮೇಲೆ ಕೂರುತ್ತದೆ. ಅಲ್ಲದೆ ಸಾಬೂನು ಕ್ಷಾರವಾದ್ದರಿಂದ ಹೆಂಚುಗಳನ್ನು ಎಬ್ಬಿಸುತ್ತದೆ. ಸೀಗೆ, ಅಂಟುವಾಳಗಳ ನೊರೆಯಾಗಲಿ ಶಾಂಪೂವಿನ ನೊರೆಯಾಗಲಿ ಹೀಗೆ ಗಸಿ ಕಟ್ಟುವುದಿಲ್ಲ. ಆದುದರಿಂದ ಗಡಸು ನೀರಿನ ಮನೆಯಲ್ಲಿ ತಲೆಗೆ ಸಾಬೂನು ಸರ್ವಥಾ ಬೇಡ. (ಮೈ ತೊಳೆದ ಸಾಬೂನನ್ನೇ ತಲೆಗೂ ಒಂದು ಸುತ್ತು ಉಜ್ಜಿ ಹೊರಗೆ ಬರುವ ಮನೆಯ ಯಜಮಾನರು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ವಿನಂತಿ.)

ಗಡಸು ನೀರು ಕೂದಲನ್ನು ಒರಟು ಮಾಡುವುದು ನಿಜ. ಕೂದಲಿನ ಬಲವನ್ನೇ ಕುಂದಿಸುತ್ತದೆಯೇ ಎಂಬುದರಲ್ಲಿ ಮಾತ್ರ ಏಕಾಭಿಪ್ರಾಯವಿಲ್ಲ. ಗಡಸು ನೀರಿನಲ್ಲಿ ಅದ್ದಿದ ಕೂದಲನ್ನೂ ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿದ ಕೂದಲನ್ನೂ ಎಳೆದು ನೋಡಿ, ೨೦೧೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಎರಡಕ್ಕೂ ಹೇಳುವಂಥ ವ್ಯತ್ಯಾಸವಿಲ್ಲವೆಂದಿತು. ಅನಂತರದ ಬೇರೆ ಪರೀಕ್ಷೆಗಳು ವ್ಯತ್ಯಾಸ ಉಂಟೆಂದವು. ಯಾವುದೇ ಆಗಲಿ, ಕೊನೆಯ ಎರಡು ತಂಬಿಗೆ ನೀರನ್ನು ಶೋಧಕದಿಂದ ಹಿಡಿದ ಕುಡಿಯುವ ನೀರಿನಿಂದ ಎರೆದುಕೊಂಡರೆ ಸುಣ್ಣದ ಪಾಲು ಬಹುಮಟ್ಟಿಗೆ ಇಳಿಯುತ್ತದೆ. ಬಕೆಟ್ಟುಗಟ್ಟಲೆ ಬೇಕಿಲ್ಲ.

ಆದರೆ ಬೇರಿನಿಂದಲೇ ಕೂದಲು ಕಿತ್ತು ಬರುವುದಕ್ಕೆ ನೀರನ್ನು ದೂರುವ ಮುನ್ನ ಒಂದು ಲೆಕ್ಕ ಹಾಕಿ. ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸಹಜ. ಅದಕ್ಕಿಂತ ತೀರ ಹೆಚ್ಚಾಗಿದ್ದರೆ, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತೆಂದು ಜ್ಞಾಪಿಸಿಕೊಳ್ಳಬೇಕು. ಟೈಫಾಯಿಡ್, ಡೆಂಗ್ಯೂ ಮುಂತಾದ ಜ್ವರ, ಬಾಣಂತನ, ಶಸ್ತ್ರಚಿಕಿತ್ಸೆ, ದೊಡ್ಡ ಮನೋವ್ಯಥೆ, ಊಟ ಬಿಟ್ಟು ಮೈ ಇಳಿಸಿದ್ದು, ಇವುಗಳ ಫಲ ಕೂದಲಿನ ಮೇಲೆ ಕಾಣುವುದು ಆ ಹೊತ್ತಿಗಲ್ಲ, ಎರಡು ಮೂರು ತಿಂಗಳ ಮೇಲೆ. ೨೦೨೦-೨೧ರ ಕೋವಿಡ್ ಕಾಲದಲ್ಲಿ ಅದನ್ನು ಅನೇಕರು ಕಂಡರು. ವರ್ಗವಾಗಿ ಬಂದವರ ಮನೆಯಲ್ಲಿ ಸಾಮಾನು ಬಿಚ್ಚಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಮೂರು ತಿಂಗಳಾಗಿರುತ್ತದೆ. ಆಗ ಬಾಚಣಿಗೆ ತುಂಬ ಕೂದಲು ಬಂದರೆ ಪಾಪದ ನಲ್ಲಿಯ ಮೇಲೆ ಅಪವಾದ! ಇಂಥ ಉದುರು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ.

ಮೂರನ್ನು ಬೇರೆಬೇರೆಯಾಗಿ ಗುರುತಿಸುವುದು

ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಬೈತಲೆ ತೆಗೆದು ನೆತ್ತಿಯನ್ನು ನೋಡಿ. ಹೇನು ಹುಡುಕುವಾಗ ಅಜ್ಜಿಯರು ನೋಡುತ್ತಿದ್ದ ಹಾಗೆ ನಿಧಾನವಾಗಿ. ಉದುರುವ ಚೂರುಗಳು ಹುಡಿಯಂತೆ ಸಣ್ಣಗೆ, ಬಿಳಿಯಾಗಿ, ಒಣಗಿ ಇದ್ದು, ನೆತ್ತಿ ಬಿಗಿದಂತೆ ಎಳೆಯುತ್ತಿದ್ದು, ಅದೇ ಕಾಲದಲ್ಲಿ ಮೊಳಕಾಲು, ಮುಂಗೈ, ತುಟಿಗಳೂ ಒಡೆದಿದ್ದರೆ ಅದು ನಿಜವಾಗಿ ಒಣನೆತ್ತಿ. ದಿಲ್ಲಿಯ ಚಳಿಗಾಲದಲ್ಲಿ ಹೀಟರು ಹಚ್ಚಿದ ಕೋಣೆಯಲ್ಲಿಯೂ, ಏಪ್ರಿಲ್ ಮೇ ತಿಂಗಳಲ್ಲಿ ಲೂ ಎಂಬ ಬಿಸಿಗಾಳಿ ಬೀಸುವಾಗಲೂ ಇದು ಬರುತ್ತದೆ. ಪುಣೆ, ಹೈದರಾಬಾದುಗಳ ಬೇಸಗೆಯಲ್ಲಿಯೂ ಬರಬಹುದು.

ಚೂರುಗಳು ದೊಡ್ಡವಾಗಿ, ಹಳದಿ ಛಾಯೆಯಲ್ಲಿ, ಜಿಡ್ಡಾಗಿ ಕೂದಲಿಗೂ ನೆತ್ತಿಗೂ ಅಂಟಿಕೊಂಡಿದ್ದರೆ, ತುರಿಕೆ ಹೆಚ್ಚಾಗಿದ್ದರೆ, ಹುಬ್ಬಿನ ನಡುವೆ, ಮೂಗಿನ ಪಕ್ಕ, ಕಿವಿಯ ಹಿಂದೆಯೂ ಕೆಂಪಾಗಿ ಸಿಪ್ಪೆ ಏಳುತ್ತಿದ್ದರೆ ಅದು ಒಣಗಿದ್ದಲ್ಲ, ಹೊಟ್ಟು. ಮುಂಬಯಿ, ಚೆನ್ನೈಗಳಂಥ ಬೆವರಿನ ಊರಿನಲ್ಲಿ ನಡುಬೇಸಗೆಯಲ್ಲಿ ಭುಜದ ಮೇಲೆ ಬಿಳಿ ಚೂರು ಬೀಳುತ್ತಿದ್ದರೆ, ಅದು ಒಣಚರ್ಮವಾಗಿರುವುದಕ್ಕಿಂತ ಹೊಟ್ಟಾಗಿರುವ ಸಂಭವವೇ ಹೆಚ್ಚೆಂದು ನಮ್ಮ ತರ್ಕ.

ಹೊಟ್ಟಿನ ಕಥೆ ಸ್ವಾರಸ್ಯವಾದುದು. ಮಲಸೀಝಿಯ ಎಂಬ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರ ಎಲ್ಲರ ನೆತ್ತಿಯಲ್ಲಿಯೂ ವಾಸವಾಗಿದೆ. ಅದರ ಆಹಾರ ನೆತ್ತಿಯ ಜಿಡ್ಡು. ಜಿಡ್ಡನ್ನು ಒಡೆದು ತನಗೆ ಬೇಕಾದುದನ್ನು ತಿಂದು, ಒಲೆಯಿಕ್ ಆಮ್ಲ ಮೊದಲಾದುವನ್ನು ಅಲ್ಲೇ ಬಿಡುತ್ತದೆ. ಕೆಲವರ ಚರ್ಮ ಅದನ್ನು ತಾಳದೆ ಕೆರಳಿ, ಬೇಗ ಬೇಗ ಪದರ ಕಳಚುತ್ತದೆ. ಅದೇ ಹೊಟ್ಟು. ಹೊರಗಿನಿಂದ ನಾವು ಹಚ್ಚುವ ಅಡುಗೆಮನೆಯ ಎಣ್ಣೆಗಳೂ ಈ ಅತಿಥಿಗೆ ಊಟವಾಗಬಲ್ಲವು. ಎಣ್ಣೆ ಹಚ್ಚಿದ ದಿನ ಚೂರುಗಳು ಒದ್ದೆಯಾಗಿ ಅಂಟಿಕೊಂಡು ಕಾಣುವುದಿಲ್ಲವಾದ್ದರಿಂದ ತಾಯಂದಿರಿಗೆ "ನೋಡು, ಎಣ್ಣೆ ಹಾಕಿದರೆ ಹೇಗೆ ಹೋಯಿತು" ಎಂಬ ಸಮಾಧಾನ. ಮೂರು ದಿನದ ಮೇಲೆ ಇಮ್ಮಡಿಯಾಗಿ ಬರುತ್ತದೆ. ಮತ್ತೆ ಎಣ್ಣೆ. ಹೀಗೆ ವರ್ಷಗಟ್ಟಲೆ ನಡೆಯುವ ಮನೆಗಳುಂಟು.

ಇದು ಬರಿಯ ಅಂದಚೆಂದದ ಮಾತಲ್ಲ. ಪರಭಾಷೆಯ ಶಾಲೆಯಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಭುಜದ ಮೇಲಿನ ಹೊಟ್ಟು, ಹಣೆಗಿಳಿದ ಎಣ್ಣೆ ಎರಡೂ ಸೇರಿ ಎಂಥ ಅಡ್ಡಹೆಸರು ತರಬಲ್ಲವೆಂಬುದು ಆ ವಯಸ್ಸಿನ ಮಕ್ಕಳಿರುವವರಿಗೆ ಗೊತ್ತು. ಮಗು ಮನೆಗೆ ಬಂದು "ಎಣ್ಣೆ ಬೇಡಮ್ಮ" ಎಂದು ಹಟ ಹಿಡಿಯುತ್ತದೆ. ಅಜ್ಜಿಗೆ ಅದು ಊರನ್ನೇ ಬೇಡವೆಂದಂತೆ ಕೇಳಿಸುತ್ತದೆ. ನಡುವೆ ಸಿಕ್ಕಿದ ತಾಯಿ ಯಾರ ಪಕ್ಷ ಹಿಡಿದಾಳು? ಇಂಥ ಕಡೆ ಮೊದಲು ನೆತ್ತಿಯನ್ನು ನೋಡುವುದೇ ನ್ಯಾಯ. ಹೊಟ್ಟಿದ್ದರೆ ಮಗು ಹೇಳಿದ್ದೇ ಸರಿ. ಹೊಟ್ಟಿಲ್ಲದೆ ತುದಿ ಒಣಗಿದ್ದರೆ ಅಜ್ಜಿ ಹೇಳಿದ್ದೂ ಸರಿ, ಆದರೆ ಶಾಲೆಯ ಬೆಳಗಿಗಲ್ಲ, ಭಾನುವಾರಕ್ಕೆ.

ಹೊಟ್ಟಿಗೆ ಮಾಡಬೇಕಾದುದು ಕಷ್ಟವೇನಲ್ಲ. ನಾಲ್ಕಾರು ವಾರ ನೆತ್ತಿಗೆ ಎಣ್ಣೆ ನಿಲ್ಲಿಸುವುದು. ಕೀಟೋಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್, ಇವುಗಳಲ್ಲಿ ಒಂದಿರುವ ಔಷಧದ ಶಾಂಪೂವನ್ನು ಔಷಧದಂಗಡಿಯವರಲ್ಲಿಯೋ ವೈದ್ಯರಲ್ಲಿಯೋ ಕೇಳಿ ತಂದು ವಾರಕ್ಕೆ ಎರಡು ಸಲ ಉಪಯೋಗಿಸುವುದು. ಎಲ್ಲರೂ ಎಡವುವುದು ಒಂದೇ ಕಡೆ: ಹಚ್ಚಿದೊಡನೆ ತೊಳೆದುಬಿಡುತ್ತಾರೆ. ಅದು ನೆತ್ತಿಯ ಮೇಲೆ ಮೂರರಿಂದ ಐದು ನಿಮಿಷ ನಿಲ್ಲಬೇಕು. ಕೂದಲಿಗಲ್ಲ, ನೆತ್ತಿಗೆ ಹಚ್ಚಬೇಕು. ಎರಡರಿಂದ ನಾಲ್ಕು ವಾರದಲ್ಲಿ ಗುಣ ಕಾಣುತ್ತದೆ. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸಾಕು. ಪೂರ್ತಿ ಬಿಟ್ಟರೆ ಮರಳಿ ಬರುತ್ತದೆ, ಬಂದಿತೆಂದು ನಿರಾಶರಾಗಬೇಕಿಲ್ಲ. ಗರ್ಭಿಣಿಯರೂ ಸಣ್ಣ ಮಕ್ಕಳೂ ವೈದ್ಯರನ್ನು ಕೇಳಿಯೇ ತೊಡಗುವುದು ಮೇಲು. ನಿಂಬೆರಸ ಹಿಂಡಿ ತಿಕ್ಕುವುದು ಬೇಡ. ಕೆರೆದುಕೊಂಡ ನೆತ್ತಿಗೆ ಅದು ಉರಿಯ ಮೇಲೆ ಉರಿ.

ಒಣಗಿದ ತುದಿಗೆ, ಒಣಗಿದ ನೆತ್ತಿಗೆ

ಇನ್ನು ನಿಜವಾಗಿ ಒಣಗಿದ ಕೂದಲಿಗೆ ಬರೋಣ. ಇಲ್ಲಿ ನಮ್ಮ ಕೊಬ್ಬರಿ ಎಣ್ಣೆಗೆ ಒಳ್ಳೆಯ ಸಾಕ್ಷ್ಯವಿದೆ. ೨೦೦೩ರಲ್ಲಿ ಮುಂಬಯಿಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ಎರೆಯುವ ಮುನ್ನವೂ ಅನಂತರವೂ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ಕಡಮೆ ಮಾಡಿದ್ದು ಕೊಬ್ಬರಿ ಎಣ್ಣೆಯೊಂದೇ ಎಂದು ಕಂಡರು. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಸಣ್ಣದು, ನೇರವಾದುದು, ಆದುದರಿಂದ ಕೂದಲಿನ ಒಳಗೆ ಇಳಿಯುತ್ತದೆ ಎಂಬುದು ಕಾರಣ. ಈ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಬೇಕಾದದ್ದು ನಮ್ಮ ಧರ್ಮ. ಆದರೂ ವಿವರಣೆ ಯುಕ್ತವಾಗಿದೆ.

ಎಣ್ಣೆಯನ್ನು ರಾತ್ರಿಯಿಡೀ ಇಡಬೇಕೆಂದಿಲ್ಲ. ಎರೆದುಕೊಳ್ಳುವ ಒಂದು ಗಂಟೆ ಮುಂಚೆ, ಉದ್ದ ಜಡೆಗೆ ಎರಡು ಚಮಚೆ, ಕಿವಿಯ ಮಟ್ಟದಿಂದ ಕೆಳಗೆ, ತುದಿಗೆ ಹೆಚ್ಚಾಗಿ. ಒಣನೆತ್ತಿಯೂ ಇದ್ದವರು ಬೆರಳ ತುದಿಯಲ್ಲಿ ಸ್ವಲ್ಪ ಅದ್ದಿ ನೆತ್ತಿಗೂ ಮೆಲ್ಲಗೆ ಒತ್ತಬಹುದು. ಒತ್ತುವುದೆಂದಾಗ ನೆನಪಾಯಿತು. ಶಾಂಪೂ ಎಂಬ ಶಬ್ದ ಬಂದುದೇ ಒತ್ತು, ಅದುಮು ಎಂಬರ್ಥದ ಹಿಂದಿಯ ಚಾಂಪೋ ಎಂಬುದರಿಂದ. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಇಂಗ್ಲಿಷರ ಮೈ ಒತ್ತಿ ಹೆಸರು ಮಾಡಿದ. ನಮ್ಮಿಂದ ಹೋದ ಶಬ್ದ ಸೀಸೆಯಲ್ಲಿ ತುಂಬಿ ನಮಗೇ ಮರಳಿತು!

ಹರಳೆಣ್ಣೆಯ (ಧಾರವಾಡದವರ ಔಡಲ ಎಣ್ಣೆಯ) ವಿಷಯದಲ್ಲಿ ಎಚ್ಚರಿಕೆ ಬೇಕು. ಅದು ಕೂದಲನ್ನು ಬೆಳೆಸುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ತುಂಬ ಅಂಟಾದ ಎಣ್ಣೆ. ಇದನ್ನು ಕೊಬ್ಬರಿ ಎಣ್ಣೆಯೊಡನೆ ಬೆರೆಸಿ ಉದ್ದಗೂದಲಿಗೆ ಹಚ್ಚಿ ತೊಳೆದ ಯುವತಿಯೊಬ್ಬಳ ಕೂದಲೆಲ್ಲ ಹಕ್ಕಿಯ ಗೂಡಿನಂತೆ ಒಂದೇ ಗಂಟಾಗಿ, ಕತ್ತರಿಸದೆ ಗತ್ಯಂತರವಿಲ್ಲದಂತಾದ ಪ್ರಸಂಗ ೨೦೧೭ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಗಿದೆ. ಅಪರೂಪವೇ ಸರಿ. ಆದರೂ ಹಬ್ಬದ ಮುನ್ನಾದಿನ ಆಗಬೇಕಾದ ಅಪರೂಪವಲ್ಲ. ಉತ್ತರದ ನೆರೆಯವರು ಪ್ರೀತಿಯಿಂದ ಹೇಳುವ ಸಾಸಿವೆ ಎಣ್ಣೆಯೂ ಒಣನೆತ್ತಿಗೆ ಹಿತವಲ್ಲ. ೨೦೦೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಲಿಗಳ ಚರ್ಮದ ಕಾಪುಪದರ ಸುಧಾರಿಸಿಕೊಳ್ಳುವುದನ್ನು ಅದು ತಡಮಾಡಿತು. ಸೂರ್ಯಕಾಂತಿ ಎಣ್ಣೆ ಬೇಗ ಮಾಡಿತು.

ಎರೆಯುವಾಗ ಬಿಸಿಯ ಮೇಲೆ ಗಮನವಿರಲಿ. ಹಂಡೆಯ ನೀರಿಗೆ ತಣ್ಣೀರು ಬೆರಸಿ ಹದ ನೋಡುತ್ತಿದ್ದ ಕೈ ಗೀಸರಿಗೆ ಬಂದಮೇಲೆ ಹದ ಮರೆತಿದೆ. ಉಗುರುಬೆಚ್ಚಗಿನ ನೀರೇ ಸಾಕು, ಚಳಿಯ ದಿಲ್ಲಿಯಲ್ಲಿಯೂ. ಶಾಂಪೂವನ್ನಾಗಲಿ ಸೀಗೆಯನ್ನಾಗಲಿ ನೆತ್ತಿಗೆ ಮಾತ್ರ ಹಚ್ಚಿ ತಿಕ್ಕಿರಿ. ಇಳಿಯುವ ನೊರೆಯೇ ತುದಿಯನ್ನು ತೊಳೆಯುತ್ತದೆ. ಕಂಡಿಷನರು ಹಚ್ಚುವವರು ಅದನ್ನು ತುದಿಗೆ ಹಚ್ಚಲಿ, ನೆತ್ತಿಗೆ ಬೇಡ. ದಾಸವಾಳದ ಎಲೆಯ ಲೋಳೆ, ನೆನೆಸಿ ರುಬ್ಬಿದ ಮೆಂತ್ಯದ ಲೋಳೆ ಮಾಡುವ ಕೆಲಸವೂ ಅದೇ: ಎದ್ದ ಹೆಂಚುಗಳ ಮೇಲೆ ಪದರವಾಗಿ ಕೂತು ನಯ ಮಾಡುವುದು. ಟವೆಲಿನಿಂದ ಬಡಿದು ಕೊಡವಬಾರದು, ಹಳೆಯ ಪಂಚೆಯಲ್ಲಿ ಸುತ್ತಿ ಹಿಂಡದೆ ನೀರು ಹೀರಿಸಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬಿಡಿಸುತ್ತ ಮೇಲಕ್ಕೆ ಬನ್ನಿ. ಒದ್ದೆಕೂದಲಿಗೆ ಬಿಸಿ ಇಸ್ತ್ರಿ ಹಿಡಿದು ನೇರ ಮಾಡುವುದು ಕೂದಲೊಳಗಿನ ನೀರನ್ನೇ ಕುದಿಸಿದಂತೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮದುವೆಮನೆಯ ಒಂದು ದಿನಕ್ಕೆ ಯಾರು ತಾನೆ ಕೇಳುತ್ತಾರೆ?

ವೈದ್ಯರ ಬಾಗಿಲು

ಕೆಲವು ಚಿಹ್ನೆಗಳನ್ನು ಕಂಡರೆ ಮನೆಮದ್ದು ಮುಗಿಯಿತೆಂದು ತಿಳಿಯಬೇಕು. ಮಗುವಿನ ತಲೆಯಲ್ಲಿ ದುಂಡಗೆ ಒಂದು ಕಡೆ ಸಿಪ್ಪೆಯೆದ್ದು, ಅಲ್ಲಿಯ ಕೂದಲು ತುಂಡುತುಂಡಾಗಿ ಮುರಿದಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಇದಕ್ಕೆ ಮೇಲೆ ಹಚ್ಚುವ ಮುಲಾಮು ಸಾಲದು, ವಾರಗಟ್ಟಲೆ ಮಾತ್ರೆ ನುಂಗಿಸಬೇಕು. ಒಣಗಿದೆಯೆಂದು ಎಣ್ಣೆ ಹಚ್ಚುತ್ತ ಕೂತರೆ ಕೀವು ತುಂಬಿ ಗಡ್ಡೆಯಾಗಿ, ಗುಣವಾದ ಮೇಲೂ ಆ ಜಾಗದಲ್ಲಿ ಕೂದಲು ಬಾರದೆ ಹೋಗಬಹುದು. ಒಂದೇ ಬಾಚಣಿಗೆ, ಒಂದೇ ಟೋಪಿಯಿಂದ ತಮ್ಮ ತಂಗಿಯರಿಗೂ ಅಂಟುತ್ತದೆ. ಹಾಗೆಯೇ ಬೆಳ್ಳಿಯ ಬಣ್ಣದ ದಪ್ಪ ಪೊರೆ, ಕೂದಲಂಚು ದಾಟಿ ಹಣೆಗೆ ಇಳಿದರೆ ಅದು ಸೋರಿಯಾಸಿಸ್ ಇರಬಹುದು. ಕೂದಲು ಒರಟಾಗುವುದರೊಡನೆ ಮೈ ಭಾರ, ಮಲಬದ್ಧತೆ, ಎಲ್ಲರಿಗಿಂತ ಹೆಚ್ಚು ಚಳಿ, ಮುಟ್ಟಿನ ಏರುಪೇರು ಇದ್ದರೆ ಥೈರಾಯಿಡ್ ಪರೀಕ್ಷೆ ಮಾಡಿಸಬೇಕು. ಮುಖ ಬಿಳಿಚಿ, ಮೆಟ್ಟಿಲು ಹತ್ತಿದರೆ ಏದುಸಿರಾದರೆ ರಕ್ತ ಪರೀಕ್ಷೆ. ಎಲ್ಲರೂ ಉಂಡಮೇಲೆ ಉಳಿದುದನ್ನು ಉಣ್ಣುವ ಗೃಹಿಣಿಗೆ ಬೇಕಾದುದು ತಲೆಗೆ ಎಣ್ಣೆಯಲ್ಲ, ಎಲೆಗೆ ಸೊಪ್ಪು, ಕಾಳು ಮತ್ತು ವೈದ್ಯರು ಬರೆದುಕೊಟ್ಟರೆ ಕಬ್ಬಿಣದ ಮಾತ್ರೆ. ಈ ಮಾತನ್ನು ಮನೆಯ ಗಂಡಸರೂ ಓದಲಿ.

ಸೀಗೆಯ ಗಂಟು

ಕೊನೆಗೆ, ಊರಿನಿಂದ ತಂದ ಸೀಗೆಪುಡಿ ಮುಗಿದಾಗ ಏನು ಮಾಡಬೇಕೆಂಬ ಪ್ರಶ್ನೆ. ಎಲ್ಲ ಕಡೆಯೂ ಸಿಗುತ್ತದೆ, ಹೆಸರು ತಿಳಿದಿದ್ದರಾಯಿತು. ಸೀಗೆಗೆ ಮರಾಠಿಯಲ್ಲಿ ಶಿಕೇಕಾಯಿ, ಹಿಂದಿಯಲ್ಲಿ ಶಿಕಾಕಾಯಿ, ತಮಿಳಿನಲ್ಲಿ ಸೀಯಕ್ಕಾಯ್. ಅಂಟುವಾಳಕ್ಕೆ ಮುಂಬಯಿ ಪುಣೆಗಳಲ್ಲಿ ರಿಠಾ, ದಿಲ್ಲಿಯಲ್ಲಿ ರೀಠಾ, ಹೈದರಾಬಾದಿನಲ್ಲಿ ಕುಂಕುಡುಕಾಯ. ನಮ್ಮ ಚಿಗರೆಪುಡಿಯನ್ನೇ ಚೆನ್ನೈಯ ಅಂಗಡಿಗಳಲ್ಲಿ ಅರಪ್ಪು ಎಂದು ಮಾರುತ್ತಾರೆ. ಒಣಗೂದಲಿನವರು ಅಂಟುವಾಳವನ್ನು ಕಡಮೆ ಮಾಡಬೇಕು. ಅದು ಜಿಡ್ಡನ್ನು ಪೂರ್ತಿ ಎಳೆದುಬಿಡುತ್ತದೆ, ಕಣ್ಣಿಗೆ ಬಿದ್ದರೆ ಬೆಂಕಿ. 'ಸೀಗೆ' ಎಂದು ಚೀಟಿ ಅಂಟಿಸಿದ ಸಾಬೂನು, ಶಾಂಪೂಗಳಲ್ಲಿ ಸೀಗೆಯ ಪಾಲು ಎಷ್ಟೆಂದು ಡಬ್ಬಿಯ ಹಿಂದೆ ಓದಿ ತೆಗೆದುಕೊಳ್ಳಿ.

ಮನೆಯಲ್ಲಿ ಮಾಡಿಸುವುದಾದರೆ ಒಂದು ಕಿಲೋ ಸೀಗೆಕಾಯಿಗೆ ಕಾಲು ಕಿಲೋ ಹೆಸರುಕಾಳು, ನೂರು ಗ್ರಾಮು ಮೆಂತ್ಯ. ಬಿಸಿಲಿಗೆ ಗಲಗಲ ಒಣಗಿಸಿ ಬೀಸಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ದಪ್ಪ ತರಿ ಉಳಿದರೆ ಒಣನೆತ್ತಿಯನ್ನು ಗೀರುತ್ತದೆ. ನೀರಿನ ಬದಲು ಅನ್ನದ ಗಂಜಿಯಲ್ಲಿ ಕಲಸಿದರೆ ಒಣಗುಣ ತಗ್ಗುತ್ತದೆ. ಕುಕ್ಕರು ಬಂದಮೇಲೆ ಗಂಜಿ ಬಸಿಯುವುದು ನಿಂತಿದೆಯೆಂಬುದು ನಿಜ. ಎರೆಯುವ ದಿನ ಮಾತ್ರ ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಬೇರೆ ಬೇಯಿಸಿಕೊಂಡರೆ ಸಾಕು. ಗೋಡೆಗಂಟಿದ ಪುಡಿ ಬಚ್ಚಲಿನ ಜಾಲರಿಯನ್ನು ಕಟ್ಟಿಹಾಕಿ ಕೆಳಗಿನ ಮನೆಯವರೊಡನೆ ಜಗಳ ತರುವುದುಂಟು. ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿದ ತಿಳಿಯನ್ನೇ ಬಳಸಿದರೆ ಆ ತೊಂದರೆಯಿಲ್ಲ. ಮುಂಬಯಿಯ ಮಳೆಗಾಲಕ್ಕೆ ಮೊದಲು ಡಬ್ಬಿಯನ್ನು ಒಮ್ಮೆ ಬಿಸಿಲಿಗಿಟ್ಟು ಬಿಗಿಯಾಗಿ ಮುಚ್ಚಿಡಿ. ಜುಲೈನಲ್ಲಿ ತೆಗೆದಾಗ ಬೂಷ್ಟಿನ ವಾಸನೆ ಬಂದರೆ ತಲೆಗೆ ಬೇಡ. ಅಂಥ ಪುಡಿಯಿಂದ ದೇವರ ಮನೆಯ ಹಿತ್ತಾಳೆ ಪಾತ್ರೆಗಳು ಚೆನ್ನಾಗಿ ಬೆಳಗುತ್ತವೆ.